ಅಣ್ಣನ ಚೆಂಡೆ ಇದ್ದ ಎರಡನೇ ಆಡಿಯೊ

ಬೈಂದೂರಿನ ಬಸ್ ಸ್ಟ್ಯಾಂಡಿನ ಹತ್ತಿರ ನನ್ನದೊಂದು ವಿಡಿಯೊ ಅಂಗಡಿ ಇತ್ತು. ೧೯೯೭ರಲ್ಲಿ ಕ್ಯಾಸೆಟ್ಟುಗಳಿಂದ ಶುರುವಾಗಿ, ವಿಸಿಡಿಯ ಕಾಲ ಕಂಡು, ಡಿವಿಡಿಯ ಕಾಲದಲ್ಲಿ ಒಂದಷ್ಟು ಮೆರೆದು, ಎಲ್ಲರ ಕೈಗೂ ಮೊಬೈಲು ಬಂದ ಮೇಲೆ ಬಾಗಿಲು ಹಾಕಿತು. ಅಂಗಡಿ ಹೋದದ್ದಕ್ಕೆ ನನಗೇನೂ ದುಃಖವಿಲ್ಲ. ಆದರೆ ಅಲ್ಲಿ ಕೂತು ನಾನು ಮಾಡಿದ ಒಂದು ಕೆಲಸವಿದೆ. ಅದನ್ನು ಬಿಟ್ಟು ಬೇರೆ ಏನು ಬರೆದರೂ ಸುಳ್ಳಾಗುತ್ತದೆ.

ನನ್ನ ಅಣ್ಣ ಯಕ್ಷಗಾನ ಮೇಳದಲ್ಲಿ ಚೆಂಡೆ ಬಾರಿಸುತ್ತಿದ್ದ. ಚೆಂಡೆಯವನ ಹಣೆಬರಹ ಗೊತ್ತಲ್ಲ, ಭಾಗವತರ ಹಾಡಿನ ಹಿಂದೆ, ವೇಷದವರ ಕುಣಿತದ ಹಿಂದೆ. ಮೇಳದ ಆಟಗಳನ್ನು ಎಷ್ಟೋ ಜನ ಟೇಪ್ ಮಾಡಿಕೊಂಡಿದ್ದಾರೆ. ಅವುಗಳಲ್ಲಿ ಅಣ್ಣನ ಚೆಂಡೆ ಎಲ್ಲೂ ಒಂಟಿಯಾಗಿ ಕೇಳುವುದಿಲ್ಲ. ಅವನಿಗೆ ಅದರ ಬೇಸರವೂ ಇರಲಿಲ್ಲ, ಆ ಸಿನೆಮಾದವರು ಬರುವವರೆಗೆ.

ಅವರು ನಮ್ಮ ಕಡಲತೀರದಲ್ಲಿ ಒಂದು ತಿಂಗಳು ಶೂಟಿಂಗ್ ಮಾಡಿದರು. ಕಡಲಿಗೆ ಹೋದ ದೋಣಿಗಾಗಿ ಕಾಯುವ ಹೆಂಗಸಿನ ಕತೆ. ಸಂಗೀತ ಮಾಡುವವರು ಯಾರ ಬಾಯಲ್ಲೋ ಅಣ್ಣನ ವಿಷಯ ಕೇಳಿ, ಮಳೆಗಾಲದಲ್ಲಿ ಮೇಳ ನಿಂತಾಗ ಅವನನ್ನು ಚೆನ್ನೈಗೆ ಕರೆಸಿಕೊಂಡರು. ಅಣ್ಣ ಚೆಂಡೆಯನ್ನು ಹಳೆ ಕಂಬಳಿಯಲ್ಲಿ ಸುತ್ತಿ, ಬಸ್ಸಿನಲ್ಲಿ ಪಕ್ಕದ ಸೀಟಿನ ಮೇಲೆ ಕೂರಿಸಿಕೊಂಡು ಹೋದ. ವಾಪಸು ಬಂದವನ ಬಾಯಿ ವಾರವಿಡೀ ಮುಚ್ಚಲಿಲ್ಲ. ಗಾಜಿನ ಕೋಣೆಯಲ್ಲಿ ಒಬ್ಬನನ್ನೇ ನಿಲ್ಲಿಸಿದ್ದರಂತೆ. ಎದುರಿಗೆ ಪರದೆ, ಪರದೆಯ ಮೇಲೆ ಆ ಹೆಂಗಸು. ಹಾಡಿಲ್ಲ, ಮದ್ದಳೆ ಇಲ್ಲ, ತಾಳವೂ ಇಲ್ಲ. ಅವಳ ಮುಖ ನೋಡಿಕೊಂಡು ತೋಚಿದ್ದನ್ನು ಬಾರಿಸು ಅಂದರಂತೆ.

"ಹತ್ ನಿಮಿಷ ಬಾರ್ಸಿದೆ, ಮರಾಯ. ನಾನೊಬ್ನೇ" ಎಂದು ಅವನು ನನಗೆ ಕಡಿಮೆಯೆಂದರೆ ಇಪ್ಪತ್ತು ಸಲ ಹೇಳಿದ್ದಾನೆ.

ಸಿನೆಮಾ ಕುಂದಾಪುರದ ಥಿಯೇಟರಿಗೆ ಬಂದಾಗ ಮನೆಮಂದಿಯೆಲ್ಲ ಹೋದೆವು. ಅಮ್ಮ ಮದುವೆಯ ಸೀರೆ ಉಟ್ಟಿದ್ದರು. ಆ ದೃಶ್ಯ ಬಂತು. ತೆರೆಗಳ ಅಬ್ಬರ, ಗಾಳಿ, ಹೆಂಗಸಿನ ಗೋಳು. ಅದರ ಅಡಿಯಲ್ಲಿ ಎಲ್ಲೋ ಟಿಣಿ ಟಿಣಿ ಎಂದು ಮೂರೋ ನಾಲ್ಕೋ ಪೆಟ್ಟು.

"ಅಕಾ, ಈಗ ಬಂತ್ ಕಾಣ್" ಎಂದ ಅಣ್ಣ, ಸೀಟಿನ ತುದಿಗೆ ಬಂದು.

"ಎಲ್ಲಿ ಮಗಾ?" ಎಂದರು ಅಮ್ಮ.

ಅಷ್ಟರಲ್ಲಿ ದೃಶ್ಯ ಮುಗಿದಿತ್ತು. ಆಮೇಲೆ ನಮ್ಮೂರಿನ ಹೋಟೆಲಿನಲ್ಲಿ ಅವನನ್ನು ಕಂಡವರೆಲ್ಲ "ಹ್ವಾಯ್, ಸಮುದ್ರದೊಳ್ಗೆ ಮುಳ್ಗಿದ್ ಚೆಂಡೆ ಮೇಲ್ ಬಂತಾ?" ಎಂದು ಕೇಳುವುದು ಶುರುವಾಯಿತು. ಮೊದಮೊದಲು ಅಣ್ಣನೂ ನಗುತ್ತಿದ್ದ. ಹತ್ತು ನಿಮಿಷದ ಮಾತನ್ನು ಯಾರೂ ನಂಬುವುದಿಲ್ಲ ಎಂದು ಗೊತ್ತಾದ ಮೇಲೆ ಆ ಹೋಟೆಲಿಗೆ ಹೋಗುವುದನ್ನೇ ಬಿಟ್ಟ. ನಾನು ನಂಬಿದ್ದೆನೇ? ಅರ್ಧ ನಂಬಿದ್ದೆ. ಅಣ್ಣನಿಗೆ ಸ್ವಲ್ಪ ಜಾಸ್ತಿ ಮಾಡಿ ಹೇಳುವ ಚಾಳಿ ಇತ್ತು.

ಕೆಲವು ವರ್ಷಗಳ ನಂತರ ಅವನಿಗೆ ಪಾರ್ಶ್ವವಾಯು ಹೊಡೆಯಿತು. ಬಲಗೈ ಬಿದ್ದುಹೋಯಿತು. ಕೋಲು ಹಿಡಿಯಲು ಆಗದವನಿಗೆ ಮೇಳದಲ್ಲಿ ಏನು ಕೆಲಸ? ಜಗಲಿಯಲ್ಲಿ ಕೂತು ಎಡಗೈಯಿಂದ ಬಲಗೈ ತಿಕ್ಕಿಕೊಳ್ಳುತ್ತಾ ದಿನ ಕಳೆಯತೊಡಗಿದ.

ಆ ಹೊತ್ತಿಗೆ ಬಂತು ಆ ಸಿನೆಮಾದ ಡಿವಿಡಿ. ಇಲ್ಲಿ ನಮ್ಮ ವ್ಯಾಪಾರದ ರೀತಿಯನ್ನು ಸ್ವಲ್ಪ ಹೇಳಬೇಕು. ಬೈಂದೂರು, ಕುಂದಾಪುರ, ಬ್ರಹ್ಮಾವರದ ನಾವು ಮೂರು ಅಂಗಡಿಯವರು ಒಂದು ಒಪ್ಪಂದ ಮಾಡಿಕೊಂಡಿದ್ದೆವು. ಹೊಸ ಸಿನೆಮಾ ಒಬ್ಬ ತರಿಸುವುದು, ಕಾಪಿ ಮಾಡಿಕೊಂಡು ಒರಿಜಿನಲ್ಲನ್ನು ಬಿಳಿ ಕಾಗದದ ಲಕೋಟೆಯಲ್ಲಿ ಹಾಕಿ ಮುಂದಿನ ಅಂಗಡಿಗೆಂದು ಮಂಗಳವಾರದ ಬಸ್ಸಿನ ಕಂಡಕ್ಟರನ ಕೈಗೆ ಕೊಡುವುದು. ಕವರು ಮಾತ್ರ ತರಿಸಿದವನ ಬಳಿಯೇ ಉಳಿಯುತ್ತಿತ್ತು. ಗಿರಾಕಿಗಳು ನೋಡಿ ಆರಿಸಲಿ ಎಂದು ಅದನ್ನು ಆಲ್ಬಮ್ಮಿನಲ್ಲಿ ಸಿಕ್ಕಿಸಿಡುತ್ತಿದ್ದೆವು. ಕಳ್ಳ ಕೆಲಸವೇ, ಇಲ್ಲವೆನ್ನುವುದಿಲ್ಲ. ಊರಿನವರಿಗೆ ಒಂದೇ ಡಿಸ್ಕಿನಲ್ಲಿ ಮೂರು ಸಿನೆಮಾ ಬೇಕಿತ್ತು. ಅಷ್ಟು ಹಿಡಿಸಬೇಕಾದರೆ ಒರಿಜಿನಲ್ಲಿನಲ್ಲಿದ್ದ ಬೇಡದ್ದನ್ನೆಲ್ಲ ಕಿತ್ತು ಹಾಕಬೇಕು. ಕಂಪ್ಯೂಟರು ಒಂದು ಪಟ್ಟಿ ತೋರಿಸುತ್ತಿತ್ತು. ಮೊದಲನೇ ಆಡಿಯೊಗೆ ಮಾತ್ರ ಟಿಕ್ ಇಟ್ಟು ಕೆಳಗಿನದ್ದಕ್ಕೆಲ್ಲ ತೆಗೆದುಬಿಡುತ್ತಿದ್ದೆ. ಏನು ತೆಗೆಯುತ್ತಿದ್ದೇನೆ ಎಂದು ಓದುವ ಅಭ್ಯಾಸವೇ ಇರಲಿಲ್ಲ. ಕೈ ತಾನಾಗಿ ಹೋಗುತ್ತಿತ್ತು. ಅಣ್ಣನ ಸಿನೆಮಾವನ್ನು ತರಿಸಿದವನು ನಾನೇ; ಅದನ್ನೂ ಹಾಗೆಯೇ ಎರಡು ಹೊಡೆದಾಟದ ಸಿನೆಮಾಗಳ ಜೊತೆ ಒಂದು ಡಿಸ್ಕಿಗೆ ತುರುಕಿದೆ. ಒರಿಜಿನಲ್ಲು ಕುಂದಾಪುರ ದಾಟಿ ಬ್ರಹ್ಮಾವರ ಸೇರಿತು.

ಒಂದು ತಿಂಗಳಾಗಿರಬಹುದು. ಬೆಳಿಗ್ಗೆ ಅಂಗಡಿ ತೆರೆದು ಕೂತಿದ್ದೆ. ಅಣ್ಣ ಒಬ್ಬನೇ ಆಟೋದಲ್ಲಿ ಬಂದಿಳಿದ. ಕಾಲೆಳೆದುಕೊಂಡು ಒಳಗೆ ಬಂದವನ ಮುಖ ಬೆಳಗುತ್ತಿತ್ತು. ಅಷ್ಟು ಖುಷಿಯಾಗಿ ಅವನನ್ನು ನೋಡಿ ಎಷ್ಟೋ ಕಾಲವಾಗಿತ್ತು.

"ಚೆನ್ನೈಯವ್ರ್ ಫೋನ್ ಮಾಡಿದ್ರ್" ಎಂದ. "ಹೊಸ ಡಿಸ್ಕ್ ಒಳ್ಗೆ ಮಾತ್ ಇಲ್ದೆ ಬರೀ ಮ್ಯೂಸಿಕ್ಕೇ ಬೇರೆ ಇತ್ತಂಬ್ರ್. ನಂದ್ ಪೂರ್ತಿ ಇತ್ತಂಬ್ರ್. ಹಾಕ್ ಕಾಂಬ."

ಹಾಕಿದೆ. ನನ್ನ ಕಾಪಿಯನ್ನೇ ಹಾಕಿದೆ. ಆ ದೃಶ್ಯಕ್ಕೆ ಓಡಿಸಿ, ರಿಮೋಟಿನ ಆಡಿಯೊ ಬಟನ್ ಒತ್ತಿದೆ. ಟಿವಿಯ ಮೂಲೆಯಲ್ಲಿ ಒಂದರಲ್ಲಿ ಒಂದು ಎಂದು ಬಂತು. ಮತ್ತೆ ಒತ್ತಿದೆ. ಅದೇ ಬಂತು. ಅದೇ ತೆರೆಗಳ ಅಬ್ಬರ, ಅದೇ ಗೋಳು.

"ಇಲ್ಲೆ ಅಣ್ಣ. ಒಂದೇ ಇಪ್ಪುದ್. ಕಾಣ್, ಇಲ್ಲೇ ತೋರ್ಸತ್ತ್."

"ಸಮಾ ಕಂಡ್ಯಾ?"

"ಕಂಡೆ. ಎಂತ ಇಲ್ಲೆ."

ನನಗೆ ಒಂದು ಕ್ಷಣ ಏನೋ ಕುಟುಕಿತು. ಸುಳ್ಳು ಹೇಳುವುದಿಲ್ಲ, ಕುಟುಕಿತು. ಕಾಪಿ ಅಲ್ಲವೇ ಇದು ಎಂದು. ಬ್ರಹ್ಮಾವರಕ್ಕೆ ಒಂದು ಫೋನು ಮಾಡಿದ್ದರೆ ಮಂಗಳವಾರದ ಬಸ್ಸಿನಲ್ಲಿ ಒರಿಜಿನಲ್ ಬಂದು ಬೀಳುತ್ತಿತ್ತು. ಆದರೆ ಬಾಗಿಲಲ್ಲಿ ಇಬ್ಬರು ಗಿರಾಕಿಗಳು ನಿಂತಿದ್ದರು. ಅಣ್ಣನ ಹತ್ತು ನಿಮಿಷದ ಕತೆ ಕೇಳಿ ಕೇಳಿ ನನಗೂ ಸಾಕಾಗಿತ್ತು.

"ಅಡ್ಡಿಲ್ಲೆ" ಎಂದು ಅಣ್ಣ ಎದ್ದ. ಆಟೋ ಹತ್ತಿಸಲು ಬಂದ ನನ್ನ ಕೈಯನ್ನು ಬಿಡಿಸಿಕೊಂಡು ತಾನೇ ಹತ್ತಿದ. ಮುಂದಿನ ಮಳೆಗಾಲದಲ್ಲಿ ಎರಡನೇ ಸಲ ಹೊಡೆದ ಪಾರ್ಶ್ವವಾಯು ಅವನನ್ನು ಉಳಿಸಲಿಲ್ಲ.

ಅಂಗಡಿ ಮುಚ್ಚಿದ್ದು ಅದಾಗಿ ಎಷ್ಟೋ ವರ್ಷಕ್ಕೆ. ಗುಜರಿಗೆ ಹಾಕುವ ಮೊದಲು ಆಲ್ಬಮ್ಮಿನ ಕವರುಗಳನ್ನು ಒಂದೊಂದಾಗಿ ಎಳೆಯುತ್ತಿದ್ದೆ. ಅಣ್ಣನ ಸಿನೆಮಾದ ಕವರು ಕೈಗೆ ಬಂತು. ಅಷ್ಟು ವರ್ಷ ಅದರ ಬೆನ್ನನ್ನು ನಾನು ನೋಡಿಯೇ ಇರಲಿಲ್ಲ. ಇರುವೆಯಂಥ ಅಕ್ಷರಗಳಲ್ಲಿ ಮುದ್ರಿಸಿದ್ದರು. ಎರಡನೇ ಆಡಿಯೊ: ಹಿನ್ನೆಲೆ ಸಂಗೀತ ಮಾತ್ರ. ಅದರ ಕೆಳಗೆ, ಚೆಂಡೆ ಎಂದು ಬರೆದು ನನ್ನ ಅಣ್ಣನ ಹೆಸರು.

ನಾನು ಗೋಡೆಗೆ ತಲೆ ಚಚ್ಚಿಕೊಂಡೆ. ಬರೆಯುವುದಕ್ಕೆ ಚೆಂದ ಎಂದು ಹೇಳುತ್ತಿಲ್ಲ, ಚಚ್ಚಿಕೊಂಡೆ.

ಆ ಡಿವಿಡಿ ತಂದ ಕಂಪನಿ ಮುಚ್ಚಿಹೋಗಿತ್ತು. ಬೆಂಗಳೂರು, ಮುಂಬಯಿ ಎಂದು ಗುರುತಿದ್ದವರನ್ನೆಲ್ಲ ಕೇಳಿದೆ, ಯಾರ ಬಳಿಯೂ ಇರಲಿಲ್ಲ. ಕೊನೆಗೆ ಬ್ರಹ್ಮಾವರಕ್ಕೆ ಹೋದೆ. ಅಲ್ಲಿಯ ಅಂಗಡಿಯವನು ಈಗ ಅದೇ ಜಾಗದಲ್ಲಿ ಮೊಬೈಲು ರಿಪೇರಿ ಮಾಡುತ್ತಾನೆ.

"ಅದೆಲ್ಲ ಈಗ ಎಲ್ಲಿತ್ತ್? ಎರಡ್ ಚೀಲ ಡಿಸ್ಕ್ ನಮ್ ಭಾವ ಕೊಕ್ಕರ್ಣೆಗೆ ತಕಂಡ್ ಹೋದ, ಗದ್ದೆಗ್ ಕಟ್ಟುಕೆ" ಎಂದ.

ಕೊಕ್ಕರ್ಣೆಯ ಆ ಗದ್ದೆಯಲ್ಲಿ ಪೈರು ತೆನೆ ಬಿಟ್ಟಿತ್ತು. ಹಕ್ಕಿ ಬಾರದಂತೆ ನಾಲ್ಕೂ ಬದಿಗೆ ದಾರ ಎಳೆದು ಡಿಸ್ಕುಗಳನ್ನು ತೂಗುಹಾಕಿದ್ದರು. ಗಾಳಿಗೆ ತಿರುಗಿ ತಿರುಗಿ ಕಣ್ಣಿಗೆ ಹೊಡೆಯುತ್ತಿದ್ದವು. ಬದುವಿನ ಮೇಲೆ ನಡೆಯುತ್ತ ಒಂದೊಂದನ್ನೇ ಹಿಡಿದು ತಿರುಗಿಸಿ ಓದಿದೆ. ಈ ಮುದುಕನಿಗೆ ಏನಾಗಿದೆ ಎಂದು ಗದ್ದೆಯವರು ನೋಡುತ್ತಿದ್ದರು. ಮೂರನೇ ಬದಿಯಲ್ಲಿ ಅದು ಸಿಕ್ಕಿತು. ಸಿನೆಮಾದ ಹೆಸರಿನ ಅರ್ಧ ಉಳಿದಿತ್ತು. ಬೆಳ್ಳಿಯ ಬಣ್ಣ ಸುಲಿದು, ಎತ್ತಿ ಹಿಡಿದರೆ ಆಚೆಯ ಆಕಾಶ ಕಾಣುತ್ತಿತ್ತು. ಆದರೂ ಮನೆಗೆ ತಂದು, ತೊಳೆದು ಒರೆಸಿ ಪ್ಲೇಯರಿಗೆ ಹಾಕಿದೆ. ಒಳಗೆ ಡಿಸ್ಕೇ ಇಲ್ಲ ಎಂದಿತು ಪ್ಲೇಯರು.

ಮರುದಿನ ಕವರನ್ನು ತೆಗೆದುಕೊಂಡು ಅತ್ತಿಗೆಯ ಬಳಿ ಹೋಗಿ ಎಲ್ಲವನ್ನೂ ಹೇಳಿದೆ. ಅವರು ಕನ್ನಡಕ ಹಾಕಿಕೊಂಡು ಗಂಡನ ಹೆಸರನ್ನು ಬೆರಳಿಟ್ಟು ಓದಿದರು.

"ಹಂಗಾರೆ ಅದ್ರೊಳ್ಗೆ ಇದ್ದಿತ್ತಾ?"

"ಇದ್ದಿತ್ತ್ ಅತ್ತಿಗೆ. ನಾನೇ ತೆಗ್ದ್ ಹಾಕಿದ್."

ಅತ್ತಿಗೆ ಕನ್ನಡಕ ತೆಗೆದರು. ಆಮೇಲೆ ಅಂಗಳ ನೋಡುತ್ತಾ ಹೇಳಿದರು: "ಅವತ್ ಅಂಗಡಿಯಿಂದ ಬಂದವ್ರೇ ಚೆಂಡೆ ಕೋಲ್ ಅಟ್ಟಕ್ಕೆ ಹಾಕ್ಸಿದ್ರ್. 'ತಮ್ಮನೇ ಕಂಡ್ ಹೇಳ್ದ, ಇಲ್ಲೆ ಅಂದೇಳಿ. ಅವ ನಂಗೆ ಸುಳ್ಳ್ ಹೇಳುದಿಲ್ಲೆ. ನಾನ್ ಬಾರ್ಸಿದ್ ಚಂದ ಆಯ್ಲಿಲ್ಲೆ ಕಾಣತ್ತ್, ಅವ್ರ್ ತೆಗ್ದ್ ಹಾಕಿರ್' ಅಂದ್ರ್. ಸಾಯುವ ತನಕ ಹಂಗೇ ತಿಳ್ಕಂಡಿದ್ರ್."

ಕವರನ್ನು ಮಡಚದೆ, ಜೋಪಾನವಾಗಿ ನನ್ನ ಕೈಗೇ ವಾಪಸು ಕೊಟ್ಟು ಒಳಗೆ ಹೋದರು.