ಬಿದ್ದುಹೋದ ಸೊನ್ನೆ

ನಮ್ಮ ಬಸವನಗುಡಿಯ ಮನೆಯ ಹೆಸರು ‘ಮಂಗಳ’. ಆ ಮೂರು ಅಕ್ಷರಗಳನ್ನು ಮರದಲ್ಲಿ ಕತ್ತರಿಸಿ ಒಂದು ಕೀಚೈನ್ ಮಾಡಿಸಬೇಕೆಂಬ ಯೋಚನೆ ನನಗೆ ಬಂದದ್ದು ಅಮ್ಮನಿಗಾಗಿ. ಶ್ರೀರಾಂಪುರದಲ್ಲಿ ಅವಳಿದ್ದ ಬಾಡಿಗೆ ಮನೆಯನ್ನು ಒಡೆಯುವವರಿದ್ದರು. ನಾನು ಒಬ್ಬಳೇ ಮಗಳು. ಬಾ ಎಂದರೆ, “ಮಗಳ ಮನೇಲಿ ಎಲೆ ಹಾಕಿಸ್ಕೊಂಡು ಕೂರೋಳಲ್ಲ ನಾನು” ಎಂದು ಮಲ್ಲೇಶ್ವರದ ಒಂದು ವೃದ್ಧಾಶ್ರಮದಲ್ಲಿ ಕೋಣೆ ಕೇಳಿಟ್ಟಿದ್ದಳು. ನಾನು ಬಹಳ ಅತ್ತ ಮೇಲೆ, ಶುಕ್ರವಾರ ಬೆಳಿಗ್ಗೆ ಬಂದು ನೋಡುತ್ತೇನೆ ಎಂದಳು. ಇರುತ್ತೇನೆ ಎನ್ನಲಿಲ್ಲ.

ಬರಿಯ ಬೀಗದ ಕೈ ಕೊಟ್ಟರೆ ಬಾಡಿಗೆಯವರಿಗೆ ಕೊಟ್ಟಂತಾಗುತ್ತದೆ. ಮನೆಯ ಹೆಸರಿನ ಜೊತೆ ಕೊಟ್ಟರೆ ಮನೆಯವಳಾಗುತ್ತಾಳೆ ಅನ್ನಿಸಿತು. ರಂಗೋಲಿ ಹಾಕಿದ ಕೈ ನನ್ನದು. ಅಕ್ಷರಗಳನ್ನು ನಾನೇ ಬರೆದು ಚಾಮರಾಜಪೇಟೆಯಲ್ಲಿ ಶೀಲ್ಡು, ನೇಮ್‌ಪ್ಲೇಟು ಮಾಡುವ ಅಂಗಡಿಗೆ ಒಯ್ದೆ. ಅವರು ಆಗಷ್ಟೇ ಲೇಸರ್ ಮೆಷಿನ್ನು ತರಿಸಿದ್ದರು.

ಅಂಗಡಿಯವರು ಕನ್ನಡಕ ಮೇಲಕ್ಕೆ ಏರಿಸಿ ನನ್ನ ಚಿತ್ರ ನೋಡಿದರು. “ಮೇಡಂ, ಅಕ್ಷರಗಳೇನೋ ಕೆಳಗಿನ ಪಟ್ಟಿ ಮೇಲೆ ಕೂತಿವೆ. ಈ ಸೊನ್ನೆ ಗಾಳೀಲಿ ನಿಂತಿದೆಯಲ್ಲ? ಇದನ್ನೂ ಪಟ್ಟಿಗೆ ಸೇರಿಸಿಬಿಡ್ಲಾ?”

“ಸೇರಿಸಿದ್ರೆ ಅದು ಸೊನ್ನೆ ಥರ ಕಾಣಲ್ಲ. ಪಕ್ಕದ ಅಕ್ಷರಕ್ಕೆ ತಾಗೋ ಹಾಗೆ ಒಂದು ಎಳೆ ಬಿಡಿ, ಸಾಕು.”

“ಎಳೆ ಮುರಿಯುತ್ತೆ.”

“ಮುರಿಯಲ್ಲ ಬಿಡಿ ಸ್ವಾಮಿ.”

“ಸರಿ, ಬರೆದೋರು ನೀವು” ಎಂದು ನಕ್ಕು ಶುಕ್ರವಾರ ಒಂಬತ್ತಕ್ಕೆ ಬರಹೇಳಿದರು.

ಹತ್ತೂವರೆಗೆ ರಾಹುಕಾಲ ಹಿಡಿಯುವ ಮೊದಲು ಅಮ್ಮ ಹೊಸ್ತಿಲು ದಾಟಬೇಕಿತ್ತು. ಪೂಜೆ ಮುಗಿಸಿ ಅಂಗಡಿಗೆ ಹೋದರೆ ಕರೆಂಟಿಲ್ಲ. ಸ್ಟೂಲಿನ ಮೇಲೆ ಕೂತು ದೊಡ್ಡ ಗಣಪತಿಗೆ ಇಪ್ಪತ್ತೊಂದು ಗರಿಕೆ ಹೇಳಿಕೊಂಡೆ. ಒಂಬತ್ತೂವರೆ ಆಯಿತು. ಇನ್ನೂ ಇಪ್ಪತ್ತೊಂದು ಹೇಳಿಕೊಂಡೆ. ಹತ್ತಕ್ಕೆ ಐದು ನಿಮಿಷವಿದ್ದಾಗ ಫ್ಯಾನು ತಿರುಗಿತು.

ಸೂಜಿಮೊನೆಯಷ್ಟು ಬೆಳಕು ಹಲಗೆಯ ಮೇಲೆ ಓಡಿತು. ಹೋಮದ ಸಮಿತ್ತು ಹತ್ತಿಕೊಂಡಾಗಿನ ವಾಸನೆ. ಅಕ್ಷರಗಳ ಅಂಚು ಕಂದುಬಣ್ಣಕ್ಕೆ ತಿರುಗಿ ಮುದ್ದಾಗಿ ಬಂದಿತ್ತು. ಅವರು “ನಿಧಾನ” ಎನ್ನುವುದರೊಳಗೆ ನಾನೇ ಅದನ್ನು ಹಲಗೆಯಿಂದ ಎಳೆದುಕೊಂಡೆ. ಟಿಕ್ ಎಂದಿತು. ಸೊನ್ನೆ ಮೇಜಿನ ಮೇಲೆ ಉರುಳಿತು.

ಕೈಯಲ್ಲಿ ಉಳಿದದ್ದನ್ನು ಓದಿದೆ. ‘ಮಗಳ’.

ಯಾವ ಮಾತನ್ನು ಅಮ್ಮನ ಬಾಯಿಂದ ತಪ್ಪಿಸಬೇಕೆಂದಿದ್ದೆನೋ ಅದನ್ನೇ ಮರದಲ್ಲಿ ಕೆತ್ತಿಸಿದ್ದೆ.

“ಇನ್ನೊಂದು ಮಾಡ್ಕೊಡ್ತೀನಿ, ಹದಿನೈದು ನಿಮಿಷ ಕೂತ್ಕೊಳಿ” ಎಂದರು. ಗಡಿಯಾರ ಹತ್ತು ದಾಟಿತ್ತು. ಸೊನ್ನೆಯನ್ನು ಮುಷ್ಟಿಯಲ್ಲಿ ಹಿಡಿದು ಓಡಿಬಂದು ಆಟೋ ಹತ್ತಿದೆ. ಕೀಚೈನ್ ಕೊಡುವುದೇ ಬೇಡ ಎಂದುಕೊಂಡು ಸೆರಗಿನ ತುದಿಗೆ ಗಂಟು ಹಾಕಿದೆ.

ಗೇಟಿನ ಮುಂದೆ ಅಮ್ಮ ನಿಂತಿದ್ದಳು. ಟ್ರಂಕು ಅವಳು ಬಂದ ಆಟೋದಲ್ಲೇ ಇತ್ತು. ನಮ್ಮ ಮನೆಯವರು ಇಳಿಸಲು ಹೋದರೆ ತಡೆದಿದ್ದಳಂತೆ. ಆಟೋದವನಿಗೆ “ಸ್ವಲ್ಪ ನಿಂತಿರಪ್ಪ, ಮಲ್ಲೇಶ್ವರಕ್ಕೆ ಹೋಗ್ಬೇಕಾಗ್ಬೋದು” ಎನ್ನುತ್ತಿದ್ದಳು.

“ಎಲ್ಲಿಗೆ ಹೋಗಿದ್ದೆ? ಸೆರಗಲ್ಲಿ ಏನದು?”

ಅವಳಿಗೆ ಸುಳ್ಳು ಹೇಳಿ ನನಗೆ ಅಭ್ಯಾಸವಿಲ್ಲ. ಗಂಟು ಬಿಚ್ಚಿಕೊಟ್ಟೆ. ಕಣ್ಣಿಗೆ ಹತ್ತಿರ ಹಿಡಿದು ಓದಿದಳು.

“ಮಗಳ. ಅದನ್ನೇ ತಾನೇ ನಾನೂ ಹೇಳ್ತಿದ್ದದ್ದು? ಬರೆಸಿ ಬೇರೆ ಇಟ್ಟಿದ್ದೀಯ.”

“ಅಮ್ಮಾ, ಅದು ‘ಮಂಗಳ’. ಸೊನ್ನೆ ಬಿದ್ದುಹೋಯ್ತು. ಅಂಗಡಿಯವರು ಗಟ್ಟಿಯಾಗಿ ಸೇರಿಸ್ತೀನಿ ಅಂದ್ರು, ಚೆನ್ನಾಗಿ ಕಾಣಲ್ಲ ಅಂತ ನಾನೇ ಬೇಡ ಅಂದೆ. ನಿನ್ನ ಬೀಗದ ಕೈಗೆ ಅಂತ ಮಾಡಿಸ್ದೆ.”

“ನನ್ನ ಬೀಗದ ಕೈಗಾ?”

“ಹ್ಞೂಂ.”

ಆಟೋದವನು ಕೇಳಿದ: “ಅಜ್ಜೀ, ಇಳಿಸ್ಲಾ, ಹೋಗೋಣ್ವಾ?”

ಅಮ್ಮ ಅವನತ್ತ ತಿರುಗಲಿಲ್ಲ. “ಚಿಕ್ಕೋಳಿದ್ದಾಗ್ಲೂ ಅಷ್ಟೇ, ಅಂದ ಮೊದಲು ನಿಂಗೆ. ಸೊನ್ನೆ ಎಲ್ಲಿ?”

ಮುಷ್ಟಿ ಬಿಚ್ಚಿದೆ. ಬೆವರಿದ ಅಂಗೈಗೆ ಅದು ಅಂಟಿಕೊಂಡಿತ್ತು. ದಾರಿಯಲ್ಲಿ ಎಲ್ಲೂ ಬಿದ್ದಿರಲಿಲ್ಲ, ಗಣಪತಿಯ ದಯೆ.

ಅಮ್ಮ ಉಗುರಿನಿಂದ ಅದನ್ನು ಎಬ್ಬಿಸಿ, ‘ಮ’ದ ಪಕ್ಕ ಇಟ್ಟು ನೋಡಿದಳು.

“ಮನೇಲಿ ಗೋಂದಿದೆಯಾ?”

“ಇದೆಯಮ್ಮ.”

“ಹಾಗಿದ್ರೆ ಟ್ರಂಕು ಇಳಿಸ್ಕೊಂಡು ಆಟೋ ಕಳಿಸು. ಗೋಂದು ಒಣಗೋಕೆ ಹೊತ್ತು ಹಿಡಿಯುತ್ತೆ.”

ಅವಳು ಬಲಗಾಲಿಟ್ಟು ಹೊಸ್ತಿಲು ದಾಟಿದಾಗ ಗಡಿಯಾರ ನೋಡಿದೆ. ರಾಹುಕಾಲಕ್ಕೆ ಇನ್ನೂ ಎರಡು ನಿಮಿಷವಿತ್ತು.