ಅಕ್ಕನ ಡಬ್ಬಗಳು, ನನ್ನ ಅರಿಶಿನದ ಚುಕ್ಕೆಗಳು

ನನ್ನ ಅಕ್ಕ ವನಜಳ ಅಡುಗೆಮನೆಯಲ್ಲಿ ಇಪ್ಪತ್ತೆರಡು ಡಬ್ಬಗಳಿದ್ದವು. ಇಪ್ಪತ್ತೆರಡೂ ಒಂದೇ ಬಣ್ಣದ, ಒಂದೇ ಅಳತೆಯ ಕಾಫಿ ಡಬ್ಬಗಳು. ಕಾಫಿ ಮುಗಿದಂತೆಲ್ಲ ಅಕ್ಕ ಅವನ್ನು ತೊಳೆದು, ಒಣಗಿಸಿ, ಬೇಳೆಯನ್ನೋ ಮೆಂತ್ಯವನ್ನೋ ತುಂಬಿ, ಒಲೆಯ ಮೇಲಿನ ಎತ್ತರದ ಶೆಲ್ಫಿನಲ್ಲಿ ಸಾಲಾಗಿ ನಿಲ್ಲಿಸುತ್ತಿದ್ದಳು. ಒಂದರ ಮೇಲೂ ಚೀಟಿ ಇರಲಿಲ್ಲ. ಫೋನಿನ ರಿಸೀವರನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು, ತಲೆಯೆತ್ತದೆ ಅವಳು ಕೈ ಚಾಚಿದರೆ, ಸಾಸಿವೆ ಬೇಕಾದಾಗ ಸಾಸಿವೆಯೇ ಕೈಗೆ ಬರುತ್ತಿತ್ತು. ನಾನು ಎರಡೂ ಕಣ್ಣು ಬಿಟ್ಟು ನಾಲ್ಕು ಡಬ್ಬ ತೆರೆದರೂ ಮೆಂತ್ಯವೇ ಸಿಗುತ್ತಿತ್ತು.

"ಚೀಟಿ ಅಂಟಿಸೋದು ಕಣ್ಣಿದ್ದೂ ಕುರುಡರಾಗಿರೋರಿಗೆ ಕಣೇ ಪದ್ದೂ," ಎನ್ನುತ್ತಿದ್ದಳು. "ಒಂದು ಸಲ ನೋಡಿದ್ದನ್ನ ಮರೆತ್ರೆ, ನೋಡೇ ಇಲ್ಲ ಅಂತ ಅರ್ಥ."

ಆ ಲೆಕ್ಕದಲ್ಲಿ ನಾನು ಹುಟ್ಟಿದಾಗಿನಿಂದ ಏನನ್ನೂ ನೋಡಿದವಳಲ್ಲ. ಅಕ್ಕ ಮೈಸೂರಿನಲ್ಲಿ ಬಿ.ಎಸ್ಸಿ. ಮುಗಿಸಿದವಳು. ನಾನು ಏಳನೇ ಕ್ಲಾಸನ್ನು ಎರಡು ವರ್ಷ ಓದಿದವಳು. ಎರಡನೆಯ ವರ್ಷ ಪರೀಕ್ಷೆಗೆ ನದಿಗಳ ಹೆಸರನ್ನೆಲ್ಲ ಲಂಗದ ಅಂಚಿನ ಒಳಮಗ್ಗುಲಲ್ಲಿ ಬರೆದುಕೊಂಡು ಹೋಗಿದ್ದೆ. ಗೋದಾವರಿ ಎಲ್ಲಿ ಹುಟ್ಟುತ್ತದೆಂದು ನೋಡಲು ಬಗ್ಗಿದಾಗ ಮೇಷ್ಟ್ರು ಹಿಡಿದರು. ಅಲ್ಲಿಗೆ ನನ್ನ ವಿದ್ಯೆ ಮುಗಿಯಿತು. ಅಮ್ಮ ತೀರಿಕೊಂಡ ಮೇಲೆ, ಎಪ್ಪತ್ತರ ದಶಕದ ನಡುವಿನಲ್ಲಿ, ಅಕ್ಕ ನನ್ನನ್ನು ಕಡಲಾಚೆಯ ಫಾರ್ಮಿಂಗ್ಟನ್ ಹಿಲ್ಸಿನ ತನ್ನ ಮನೆಗೆ ಕರೆಸಿಕೊಂಡಳು. ಭಾವ ಕಾರು ಕಂಪನಿಯಲ್ಲಿ ಎಂಜಿನಿಯರು. ಅಕ್ಕನಿಗೆ ಒಂದು ಆಸ್ಪತ್ರೆಯಲ್ಲಿ ರೋಗಿಗಳ ಫೈಲು ನೋಡಿಕೊಳ್ಳುವ ಕೆಲಸ. ಅವರ ಮಗಳು ಮಾಲಿನಿಗೆ ಆಗ ನಾಲ್ಕೂವರೆ ವರ್ಷ. ಅಡುಗೆಯೂ ಮಾಲುವೂ ನನ್ನ ಪಾಲಿಗೆ ಬಂದವು.

ಬಂದ ತಿಂಗಳಲ್ಲೇ ನಾನು ಅಕ್ಕಿಹಿಟ್ಟೆಂದು ತಿಳಿದು, ಅಕ್ಕ ಮೈಸೂರಿನಿಂದ ಜೋಪಾನವಾಗಿ ತಂದಿಟ್ಟಿದ್ದ ರಂಗೋಲಿ ಪುಡಿಯನ್ನು ಚಕ್ಕುಲಿಗೆ ಕಲಸಿಬಿಟ್ಟೆ. ಅಂದು ಊಟಕ್ಕೆ ಬಂದಿದ್ದ ಧಾರವಾಡದ ಡಾಕ್ಟರ್ ಅಂಕಲ್ ಒಂದು ತುಂಡು ಕಡಿದು, ಕೆನ್ನೆ ಹಿಡಿದುಕೊಂಡು ಹೇಳಿದರು: "ತಂಗೀ, ಚಕ್ಕುಲಿ ಭಾಳ ಛಲೋ ಅದ. ಆದ್ರ ನನಗ ಇನ್ನೊಂದಿಷ್ಟು ವರ್ಷ ಹಲ್ಲು ಬೇಕಾಗ್ಯಾವ."

ಎಲ್ಲರೂ ನಕ್ಕರು. ಅಕ್ಕ ಎಲ್ಲರಿಗಿಂತ ಜೋರಾಗಿ ನಕ್ಕಳು. ಮರುದಿನ ಅವಳು ಕೆಲಸಕ್ಕೆ ಹೋದ ಮೇಲೆ ನಾನು ಸ್ಟೂಲು ಹತ್ತಿ ಡಬ್ಬಗಳನ್ನೆಲ್ಲ ಇಳಿಸಿ, ಎಣ್ಣೆಯಲ್ಲಿ ಕಲಸಿದ ಅರಿಶಿನದಿಂದ ತಳದಲ್ಲಿ ಚುಕ್ಕೆ ಇಟ್ಟೆ. ಉಪ್ಪಿಗೆ ಒಂದು, ಸಕ್ಕರೆಗೆ ಎರಡು, ಅಕ್ಕಿಹಿಟ್ಟಿಗೆ ಮೂರು. ಆಮೇಲೆ ಬೇಕಾದಾಗಲೆಲ್ಲ, ತೊಟ್ಟಿಲ ಮಗು ಒದ್ದೆ ಮಾಡಿಕೊಂಡಿದೆಯೇ ಎಂದು ನೋಡುವಂತೆ ಒಂದೊಂದೇ ಡಬ್ಬದ ತಳವನ್ನು ಎತ್ತಿ ನೋಡುತ್ತಿದ್ದೆ. "ನೋಡಿದ್ಯಾ, ಎಷ್ಟು ಬೇಗ ಕಲಿತ್ಯಲ್ಲ!" ಎಂದು ಅಕ್ಕ ಬೆನ್ನು ತಟ್ಟಿದಳು. ನಾನೂ ಹಿಗ್ಗಿದೆ. ಲಂಗದ ಅಂಚು ಹೋಗಿ ಡಬ್ಬದ ತಳ ಬಂದಿತ್ತು, ಅಷ್ಟೇ.

ಮುಂದಿನ ಸೆಪ್ಟೆಂಬರಿಗೆ ಮಾಲುವನ್ನು ಕಿಂಡರ್‌ಗಾರ್ಟನ್‌ಗೆ ಸೇರಿಸಬೇಕಿತ್ತು. ಮಾಲು ಹೊರಗಿನವರ ಎದುರು ಬಾಯಿ ಬಿಡುತ್ತಿರಲಿಲ್ಲ. ಮನೆಯಲ್ಲಿ ನಾವು ಕನ್ನಡದಲ್ಲಿ ಕೇಳಿದ್ದೆಲ್ಲ ಅವಳಿಗೆ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ, ಅದೂ ಒಂದೊಂದೇ ಪದ. ವಸಂತದಲ್ಲಿ ಶಾಲೆಯವರು ಮಕ್ಕಳನ್ನು ಕರೆಸಿ, ಆಟವಾಡಿಸಿ, ಸೇರಿಸಿಕೊಳ್ಳಬೇಕೋ ಒಂದು ವರ್ಷ ಕಾಯಿಸಬೇಕೋ ಎಂದು ಹೇಳುತ್ತಾರೆ. ಅಲ್ಲಿ ಚಿತ್ರದ ಕಾರ್ಡು ಮಗುಚಿಟ್ಟು ಜೋಡಿ ಹುಡುಕಿಸುತ್ತಾರೆ ಎಂದು ಪಕ್ಕದ ಮನೆಯವಳು ಹೇಳಿದಳು. ಅಂದಿನಿಂದ ಅಕ್ಕನಿಗೆ ಅದೇ ಚಿಂತೆ.

"ಮಾತಾಡಲ್ಲ ಅಂದ್ಬಿಟ್ಟು ನನ್ನ ಮಗೂನ ದಡ್ಡಿ ಅಂತ ಬರ್ದುಬಿಡ್ತಾರೆ ಪದ್ದೂ. ಒಂದು ಸಲ ಫೈಲಲ್ಲಿ ಬರೆದ್ರೆ ಮುಗೀತು. ಫೈಲು ಏನು ಅಂತ ನಂಗೊತ್ತು."

ಅಂಗಡಿಯ ಆಟವನ್ನು ತಂದಳು, ಮರುದಿನವೇ ಹಿಂದಿರುಗಿಸಿದಳು. "ಅದರಲ್ಲಿ ಒಂದು ಹಲಸಿನಹಣ್ಣಿಲ್ಲ, ಒಂದು ಕೊಡ ಇಲ್ಲ. ಆಟದ ಜೊತೆ ನಾಲ್ಕು ಕನ್ನಡ ಪದನೂ ಬರಲಿ," ಎಂದು ತಾನೇ ಮಾಡಲು ಕೂತಳು. ಇಸ್ತ್ರಿಗೆ ಕೊಟ್ಟ ಭಾವನ ಶರ್ಟುಗಳ ಮಡಿಕೆಯೊಳಗೆ ಬರುತ್ತಿದ್ದ ಬೂದು ಬಣ್ಣದ ರಟ್ಟುಗಳನ್ನು ಕತ್ತರಿಸಿ ನಲವತ್ತೆಂಟು ಕಾರ್ಡು ಮಾಡಿದಳು. ಇಪ್ಪತ್ನಾಲ್ಕು ಚಿತ್ರ, ಎರಡೆರಡು ಸಲ. ತೆಂಗಿನಕಾಯಿ, ಬೀಸಣಿಗೆ, ಕೊಡ, ಅಳಿಲು, ಹಿಮ ಎತ್ತುವ ಸಲಿಕೆ. ನೆನಪು ಎಷ್ಟಿತ್ತೋ ಚಿತ್ರಕಲೆ ಅಷ್ಟಿರಲಿಲ್ಲ. ಒಂದು ಆನೆಗೆ ಕಿವಿ ಮರೆತಿದ್ದಳು. ಅದನ್ನು ನಾನು ಇಲಿಯ ಜೊತೆ ಜೋಡಿಸಿದ್ದಕ್ಕೆ ಅರ್ಧ ಗಂಟೆ ಜಗಳವಾಯಿತು.

ದಿನಾ ಸಂಜೆ ಅಕ್ಕ ಕೋಟು ಬಿಚ್ಚಿಟ್ಟ ಕೂಡಲೇ ಆಟ ಶುರು. ಕಾರ್ಡುಗಳನ್ನು ಕಾರ್ಪೆಟ್ಟಿನ ಮೇಲೆ ಮಗುಚಿ ಹರಡುವುದು. ಒಬ್ಬೊಬ್ಬರೂ ಎರಡೆರಡು ಎತ್ತುವುದು. ಒಂದೇ ಚಿತ್ರ ಬಂದರೆ ಜೋಡಿ ನಮ್ಮದು, ಇಲ್ಲದಿದ್ದರೆ ಇದ್ದಲ್ಲೇ ಮಗುಚಿಡಬೇಕು. ಅಕ್ಕ ಯಾವಾಗಲೂ ಗೆಲ್ಲುತ್ತಿದ್ದಳು. ಮಾಲು ಸೋತು ತುಟಿ ಉಬ್ಬಿಸುತ್ತಿದ್ದಳು. ಮಾಲುವಿಗಿಂತ ಹಿಂದೆ ನಾನು.

"ಒಂದು ಸಲ ಮಗೂನ ಗೆಲ್ಸೇ," ಎಂದು ಭಾವ ಪೇಪರಿನ ಹಿಂದಿನಿಂದ ಹೇಳಿದರು.

"ಗೆಲ್ಸಿದ್ರೆ ಅದು ಗೆದ್ದಂಗಲ್ಲ ರೀ. ನಾವು ಸುಳ್ಳು ಹೇಳ್ದಂಗೆ. ಸೋತು ಸೋತೇ ಕಲೀಲಿ."

ನನಗೆ ಸೋತು ಕಲಿಯುವ ವಯಸ್ಸು ಮೀರಿತ್ತು. ಇಪ್ಪತ್ತೆರಡು ವರ್ಷದ ನಾನು ನಾಲ್ಕೂವರೆ ವರ್ಷದವಳಿಗೆ ದಿನವೂ ಸೋಲುವುದೆಂದರೇನು? ಒಂದು ಸಂಜೆ ಒಗ್ಗರಣೆಯ ಕೈಯಲ್ಲೇ ಬಂದು ಕೂತಿದ್ದೆ. ನಾನು ಎತ್ತಿದ ತೆಂಗಿನಕಾಯಿಯ ಬೆನ್ನಿಗೆ ಹೆಬ್ಬೆಟ್ಟಿನ ಅರಿಶಿನ ಮೆತ್ತಿಕೊಂಡಿತು. ಮುಂದಿನ ಸರದಿಯಲ್ಲಿ ಆ ತೆಂಗಿನಕಾಯಿ ಎಲ್ಲಿದೆಯೆಂದು ನನಗೆ ಗೊತ್ತಿತ್ತು! ಆ ಸುಖವನ್ನು ಹೇಗೆ ಹೇಳಲಿ? ಮರುದಿನ ಮಧ್ಯಾಹ್ನ ಕೂತು ಆರು ಜೋಡಿಗಳ ಬೆನ್ನಿಗೆ, ಒಂದೊಂದು ಜೋಡಿಗೆ ಒಂದೊಂದು ಜಾಗದಲ್ಲಿ, ಚುಕ್ಕೆ ಇಟ್ಟೆ. ಸಂಜೆ ಆರು ಜೋಡಿ ಗೆದ್ದೆ. ಅಕ್ಕನಿಗೆ ಅನುಮಾನವೇ ಬರಲಿಲ್ಲ. ನಮ್ಮ ಮನೆಯಲ್ಲಿ ಅರಿಶಿನದ ಕಲೆ ಎಲ್ಲಿರಲಿಲ್ಲ? ಫೋನಿನ ಮೇಲಿತ್ತು, ಫ್ರಿಜ್ಜಿನ ಹಿಡಿಯ ಮೇಲಿತ್ತು, ಭಾವನ ಶರ್ಟಿನ ಜೇಬಿನ ಮೇಲೂ ಇತ್ತು. ಬೇರೆಯವರ ಮನೆಯಾಗಿದ್ದರೆ ಆ ಹಳದಿ ಕಣ್ಣಿಗೆ ಹೊಡೆಯುತ್ತಿತ್ತು. ನಮ್ಮಲ್ಲಿ ಅದು ಗೋಡೆಯ ಬಣ್ಣದ ಹಾಗೆ.

ಕಂಡುಹಿಡಿದವಳು ಮಾಲು. ಒಂದು ಮಧ್ಯಾಹ್ನ ಕಾರ್ಡು ಹಿಡಿದುಕೊಂಡು ಬಂದು, "ಯೆಲ್ಲೋ," ಎಂದಳು. ಇನ್ನೊಂದನ್ನು ತೋರಿಸಿ, "ಸೇಮ್ ಯೆಲ್ಲೋ," ಎಂದಳು. ಹೇಳಿ, ನನ್ನ ಹೆಬ್ಬೆಟ್ಟನ್ನು ನೋಡಿದಳು.

ಆಗ ನಾನು ಏನು ಮಾಡಬೇಕಿತ್ತೆಂದು ಏಳನೇ ಕ್ಲಾಸು ಪಾಸಾಗದವರಿಗೂ ಗೊತ್ತು. ನಾನು ಮಾಡಿದ್ದೇ ಬೇರೆ. "ಅಮ್ಮಂಗೆ ಹೇಳ್ಬೇಡ. ನಿಂಗೂ ಹೇಳ್ಕೊಡ್ತೀನಿ," ಎಂದು ಅವಳನ್ನು ಪಕ್ಕಕ್ಕೆ ಕೂರಿಸಿಕೊಂಡು, ಉಳಿದ ಹದಿನೆಂಟು ಜೋಡಿಗೂ ಚುಕ್ಕೆ ಇಟ್ಟೆ.

ಮಾಲು ಗೆಲ್ಲತೊಡಗಿದಳು. ಮೊದಲ ದಿನ ಅಕ್ಕ ಅವಳನ್ನೆತ್ತಿ ಸುತ್ತಿಸಿ ಮುತ್ತಿಟ್ಟಳು. ಫೋನು ಮಾಡಿ ಪರಿಚಯದವರಿಗೆಲ್ಲ ಹೇಳಿದಳು. ಯುಗಾದಿಗೆ ಬಂದವರೆದುರು ಆಡಿಸಿದಳು. ಡಾಕ್ಟರ್ ಅಂಕಲ್ ಸೋತು, "ಇಕಿ ತಾಯಿನ್ನೂ ಮೀರಿಸ್ತಾಳ," ಎಂದರು. ಅಕ್ಕನ ಕಣ್ಣು ತುಂಬಿ ಬಂತು. ಅವಳು ಸೋತು ಸಂತೋಷಪಟ್ಟದ್ದನ್ನು ನಾನು ನೋಡಿದ್ದು ಆ ಒಂದು ತಿಂಗಳು ಮಾತ್ರ. ಅದನ್ನು ಕಿತ್ತುಕೊಳ್ಳಲು ನನಗೆ ಮನಸ್ಸು ಬರಲಿಲ್ಲವೆಂದು ಬರೆದರೆ ಚೆನ್ನಾಗಿ ಕಾಣುತ್ತದೆ. ನಿಜವೆಂದರೆ, ನನಗೆ ಹೆದರಿಕೆ.

ಶಾಲೆಯಲ್ಲಿ ನಮ್ಮನ್ನು ಮಕ್ಕಳ ಪುಟ್ಟ ಕುರ್ಚಿಗಳ ಮೇಲೆ ಕೂರಿಸಿದರು. ಸರಪಳಿಯ ಕನ್ನಡಕ ಹಾಕಿದ್ದ ಮೇಡಂ ನೀಲಿ ಬೆನ್ನಿನ ಹೊಚ್ಚಹೊಸ ಕಾರ್ಡುಗಳನ್ನು ಹರಡಿ, "ಫೈಂಡ್ ಮಿ ಟೂ ದಟ್ ಮ್ಯಾಚ್," ಎಂದರು. ಅಕ್ಕ ನನ್ನ ಕೈ ಒತ್ತಿ ಹಿಡಿದಳು. ಮಾಲು ಒಂದು ಕಾರ್ಡನ್ನೂ ತಿರುಗಿಸಲಿಲ್ಲ. ಬಗ್ಗಿ ಬೆನ್ನುಗಳನ್ನು ನೋಡಿದಳು. ಆ ಕಡೆಯಿಂದ ನೋಡಿದಳು, ಈ ಕಡೆಯಿಂದ ನೋಡಿದಳು. ಒಂದನ್ನು ಮೂಗಿಗೆ ಹಿಡಿದು ಮೂಸಿದಳು. ಆಮೇಲೆ ನನ್ನತ್ತ ತಿರುಗಿ, ಹುಟ್ಟಿದಾಗಿನಿಂದ ಆಡದಿದ್ದ ಪೂರ್ತಿ ವಾಕ್ಯವೊಂದನ್ನು ಅಚ್ಚ ಕನ್ನಡದಲ್ಲಿ ಆಡಿದಳು:

"ಚಿಕ್ಕಮ್ಮಾ, ಇದರಲ್ಲಿ ಅರಿಶಿನ ಇಲ್ಲ!"

ಅಕ್ಕನ ಕೈ ನನ್ನ ಕೈಯನ್ನು ಬಿಟ್ಟಿತು. ಮಗು ಏನು ಹೇಳುತ್ತಿದೆ ಎಂದು ಮೇಡಂ ಕೇಳಿದರು. ಎಂದೂ ಸುಳ್ಳಾಡದ ಅಕ್ಕ, ನಿಮ್ಮ ಕಾರ್ಡುಗಳು ಬಹಳ ಕ್ಲೀನಾಗಿವೆ ಅಂತಿದ್ದಾಳೆ ಎಂದು ಇಂಗ್ಲಿಷಿನಲ್ಲಿ ಹೇಳಿದಳು. ಮೇಡಂ ಮಾಲುವಿಗೆ ಥ್ಯಾಂಕ್ಸ್ ಹೇಳಿ, ಕಾಗದದಲ್ಲಿ ಏನೋ ಬರೆದುಕೊಂಡರು. ಒಂದು ವರ್ಷ ಕಾಯುವುದು ಒಳ್ಳೆಯದು ಎಂಬುದು ಅದರ ಸಾರಾಂಶ.

ಅಕ್ಕ ಕಾರು ಓಡಿಸುತ್ತ ಎರಡು ಸಿಗ್ನಲ್ ದಾಟಿದಳು. ಮೂರನೆಯದರಲ್ಲಿ ಕೇಳಿದಳು: "ಅರಿಶಿನ ಯಾರು ಹಾಕಿದ್ದು?"

"ಮಾಲು," ಎಂದೆ. "ಆಡ್ತಾ ಆಡ್ತಾ ಮಾಲೂನೇ ಹಾಕಿರ್ಬೇಕು."

ಹಿಂದಿನ ಸೀಟಿನಿಂದ ನನ್ನ ಬೆನ್ನಿಗೆ ಒಂದು ಸಣ್ಣ ಒದೆ ಬಿತ್ತು. ಅಷ್ಟೇ. ಅಳಲಿಲ್ಲ, ಇಲ್ಲವೆನ್ನಲೂ ಇಲ್ಲ.

ಮನೆಗೆ ಬಂದವಳೇ ಅಕ್ಕ ಕೋಟನ್ನೂ ಬಿಚ್ಚದೆ ಅಡುಗೆಮನೆಗೆ ಹೋಗಿ, ಶೆಲ್ಫಿನಿಂದ ಉಪ್ಪಿನ ಡಬ್ಬ ಇಳಿಸಿ ಮಗುಚಿದಳು. ಒಂದು ಚುಕ್ಕೆ. ಸಕ್ಕರೆ ಡಬ್ಬ ಮಗುಚಿದಳು. ಎರಡು. ಹೀಗೆ ಹದಿನಾಲ್ಕು ಡಬ್ಬ. ಅದರಾಚೆಗೆ ಚುಕ್ಕೆ ಎಣಿಸುವ ತಾಳ್ಮೆ ನನಗೇ ಇರಲಿಲ್ಲ. ಆಮೇಲೆ ನನ್ನ ಕಡೆ ತಿರುಗಿ ತಣ್ಣಗೆ ಕೇಳಿದಳು:

"ಮಾಲು ಕೈ ಈ ಶೆಲ್ಫಿಗೆ ಎಟುಕತ್ತಾ ಪದ್ದೂ?"

ಬೈದಿದ್ದರೆ ಅತ್ತು ಮುಗಿಸುತ್ತಿದ್ದೆ. ಮರುದಿನ ಬೆಳಿಗ್ಗೆ ಎದ್ದಾಗ ಅಕ್ಕ ಆಸ್ಪತ್ರೆಯ ಬಿಳಿ ಟೇಪು ಕತ್ತರಿಸಿ, ದಪ್ಪ ಕನ್ನಡ ಅಕ್ಷರದಲ್ಲಿ ಬರೆದು, ಇಪ್ಪತ್ತೆರಡೂ ಡಬ್ಬಗಳಿಗೆ ಅಂಟಿಸುತ್ತಿದ್ದಳು. ಉಪ್ಪು. ಸಕ್ಕರೆ. ಅಕ್ಕಿಹಿಟ್ಟು. ರಂಗೋಲಿ.

"ಇದನ್ನ ಮೊದಲ್ನೇ ದಿನಾನೇ ಮಾಡ್ಬೇಕಿತ್ತು. ಮಾಡಿದ್ರೆ ನನ್ನ ಕಿರೀಟ ಬಿದ್ದುಹೋಗ್ತಿತ್ತಾ? ಜಂಬ ನಂದು," ಎಂದಳು. ಟೇಪನ್ನು ಹೆಬ್ಬೆಟ್ಟಿನಿಂದ ಒತ್ತುತ್ತ ಮತ್ತೆ ಹೇಳಿದಳು: "ಆದ್ರೆ ಮಗು ಮೇಲೆ ಎತ್ತಿಹಾಕಿದ್ಯಲ್ಲ, ಅದಕ್ಕೆ ನಾನು ಚೀಟಿ ಬರೆಯಕ್ಕಾಗಲ್ಲ. ಅದನ್ನ ನೀನೇ ಅವಳಿಗೆ ಹೇಳ್ಬೇಕು."

ನಾಳೆ ಹೇಳೋಣವೆಂದುಕೊಂಡೆ. ನಾಳೆ ಮಾಲುವಿಗೆ ನೆಗಡಿ. ಆಮೇಲೆ ಅವಳಿಗೆ ಸಾಕಷ್ಟು ಕನ್ನಡ ಬರುವುದಿಲ್ಲ, ನನಗೆ ಸಾಕಷ್ಟು ಇಂಗ್ಲಿಷು ಬರುವುದಿಲ್ಲ ಎಂದುಕೊಂಡೆ. 'ಸಾರಿ' ಎಂಬುದು ಎರಡು ಭಾಷೆಯಲ್ಲೂ ನಡೆಯುತ್ತದೆಂದು ನನಗೆ ಗೊತ್ತಿಲ್ಲದೆ ಇರಲಿಲ್ಲ. ವರ್ಷ ಕಳೆದು ಮಾಲು ಶಾಲೆಗೆ ಸೇರಿದಳು, ಕ್ಲಾಸಿನಲ್ಲೆಲ್ಲ ಎತ್ತರದವಳಾಗಿ ಹಿಂದಿನ ಸಾಲಿನಲ್ಲಿ ನಿಂತು ಫೋಟೋ ತೆಗೆಸಿಕೊಂಡಳು. ಆ ಫೋಟೋ ನೋಡಿದಾಗಲೆಲ್ಲ ನನಗೆ ಕಾಣುತ್ತಿದ್ದುದು ಎತ್ತರವಲ್ಲ, ಕಾದ ಒಂದು ವರ್ಷ. ನಾನು ಮದುವೆಯಾಗಿ ಇನ್ನೊಂದು ರಾಜ್ಯದ ನೇಪರ್‌ವಿಲ್ಲಿಗೆ ಬಂದೆ.

ದಶಕ ಮುಗಿಯುವ ಹೊತ್ತಿಗೆ ಒಂದು ಶರತ್ಕಾಲದಲ್ಲಿ ಭಾವನ ಜೊತೆ ಅಕ್ಕ ನಮ್ಮ ಮನೆಗೆ ಬಂದಳು. ಮಾಲುವಿಗೆ ಶಾಲೆಯಿತ್ತು, ಗೆಳತಿಯ ಮನೆಯಲ್ಲಿ ಬಿಟ್ಟಿದ್ದರು. ಅಕ್ಕನ ಚೀಲದಲ್ಲಿ ಅದೇ ಕಾರ್ಡುಗಳು, ನನ್ನ ಮಗುವಿಗೆಂದು. ಹಳೆಯ ಬೆನ್ನುಗಳ ಮೇಲೆ ಹೊಸ ಕಾಗದ ಅಂಟಿಸಿದ್ದಳು. "ಬಾ, ಒಂದಾಟ," ಎಂದಳು. ಪರ ಊರಿಂದ ಬಂದವಳು, ತಂಗಿಯನ್ನು ಒಂದು ಸಲ ಗೆಲ್ಲಿಸಬಹುದೆಂದು ನನಗೆ ಆಸೆಯಿತ್ತು. ಹತ್ತೊಂಬತ್ತು ಜೋಡಿ ಅವಳು ತೆಗೆದಳು. ನಾನು ಐದು.

"ಐದು! ಪರವಾಗಿಲ್ವೇ," ಎಂದು ನಕ್ಕಳು. "ಐದೂ ನಿನ್ನವೇ."

ಹೊರಟಾಗ ಕಾರಿನ ಗಾಜು ಇಳಿಸಿ, ಸೀಟ್ ಬೆಲ್ಟು ಸರಿಮಾಡಿಕೊಳ್ಳುತ್ತ, ಮರೆಯದ ಆ ಹೆಂಗಸು ಕೇಳಿದಳು: "ಮಾಲುಗೆ ಹೇಳಿದ್ಯಾ?"

"ಹೂಂ, ಹೇಳ್ದೆ," ಎಂದೆ.

"ಒಳ್ಳೇದಾಯ್ತು ಬಿಡು," ಎಂದಳು. ಅವಳ ಮುಖ ಎಷ್ಟು ಹಗುರವಾಯಿತೆಂದರೆ, ಆ ಸುಳ್ಳಿನ ಬಗ್ಗೆ ನನಗೆ ಒಂದು ಗಳಿಗೆ ಹೆಮ್ಮೆಯೇ ಆಯಿತು. ಕಾರು ಡ್ರೈವ್‌ವೇಯಿಂದ ಹಿಂದಕ್ಕೆ ಸರಿದು ಹೊರಟುಹೋಯಿತು. ಅದೇ ಕೊನೆ. ಚಳಿಗಾಲ ಕಳೆಯುವ ಮುಂಚೆ ಅಕ್ಕನ ಹೃದಯ ಒಂದು ಬೆಳಿಗ್ಗೆ ನಿಂತುಹೋಯಿತು.

ವೈಕುಂಠ ಸಮಾರಾಧನೆಯ ದಿನ ಅಕ್ಕನ ಅಡುಗೆಮನೆಯಲ್ಲಿ ನಾನೂ ಮಾಲುವೂ ಇದ್ದೆವು. ಸಾರು ಕುದಿಯುತ್ತಿತ್ತು. ಸ್ಟೂಲು ಹತ್ತಿದರೆ ಅವಳ ಕೈ ಈಗ ಶೆಲ್ಫಿಗೆ ಎಟುಕುತ್ತಿತ್ತು. ನಾನು ಎಲ್ಲವನ್ನೂ ಹೇಳಿದೆ: ಚುಕ್ಕೆ, ಶಾಲೆ, ಕಾರು, ಅವಳ ಹೆಸರು ಹೇಳಿದ್ದು. ಮಾಲು ಹುಬ್ಬು ಗಂಟಿಕ್ಕಿ ಕೇಳಿದಳು.

"ವಾಟ್ ಯೆಲ್ಲೋ ಡಾಟ್ಸ್, ಚಿಕ್ಕಮ್ಮಾ?"

ಅವಳಿಗೆ ಏನೇನೂ ನೆನಪಿರಲಿಲ್ಲ. ನೆನಪಿಟ್ಟುಕೊಂಡಿದ್ದವಳು ಹೋಗಿದ್ದಳು. ಉಳಿದವಳು ನಾನು, ಗೋದಾವರಿ ಎಲ್ಲಿ ಹುಟ್ಟುತ್ತದೆಂದು ಇವತ್ತಿಗೂ ಹೇಳಲಾರದವಳು. ಅಕ್ಕನಿಗೆ ಹೇಳಿದ್ದ ಸುಳ್ಳು ಹೀಗೆ ಒಂದು ಚಳಿಗಾಲ ತಡವಾಗಿ ನಿಜವಾಯಿತು.

"ಸಾರಿ," ಎಂದೆ. "ಓಕೆ," ಎಂದು ಮಾಲು ಸಾರಿನ ಸೌಟು ತಿರುವಿದಳು. ಸ್ವಲ್ಪ ಹೊತ್ತಾದ ಮೇಲೆ ಶೆಲ್ಫಿನತ್ತ ನೋಡಿ ಕೇಳಿದಳು: "ಚಿಕ್ಕಮ್ಮಾ, ವಿಚ್ ಒನ್ ಈಸ್ ಸಾಲ್ಟ್?"

ನಾನು ಡಬ್ಬ ಇಳಿಸಿದೆ. ಹಳೆಯ ಚಾಳಿ, ಕೈ ತಾನಾಗಿ ತಳಕ್ಕೆ ಹೋಯಿತು. ಒಂದು ಚುಕ್ಕೆ ಇನ್ನೂ ಇತ್ತು. ಅಕ್ಕ ಅದನ್ನು ಉಜ್ಜಿ ತೆಗೆದಿರಲಿಲ್ಲ. ಅದನ್ನು ತೋರಿಸಿದ್ದರೆ ಒಂದು ಗಳಿಗೆಯಲ್ಲಿ ಕೆಲಸ ಮುಗಿಯುತ್ತಿತ್ತು. ನಾನು ಡಬ್ಬವನ್ನು ತಿರುಗಿಸಿ ಅಕ್ಕನ ಕೈಬರಹವನ್ನು ಅವಳ ಮುಂದೆ ಹಿಡಿದೆ.

"ಓದು."

"ಐ ಕಾಂಟ್."

ಸಾರು ಉಕ್ಕುತ್ತಿತ್ತು. ಉರಿ ಸಣ್ಣ ಮಾಡಿ, ಅವಳ ಬೆರಳನ್ನು ಮೊದಲನೆಯ ಅಕ್ಷರದ ಮೇಲಿಟ್ಟು, "ಉ," ಎಂದೆ.