ನೀರಿಗೆ ಹಾಕದೆ ತಂದ ಇಂಟರ್‌ಕೂಲರ್

ಇದನ್ನು ಯಾರಿಗೆ ಹೇಳಿದರೂ ಮೊದಲು ಕೇಳುವುದು ಒಂದೇ ಮಾತು. "ಅವತ್ತು ಎಷ್ಟು ಹಾಕಿದ್ರಿ ನಾಗರಾಜಣ್ಣ?" ಹಾಕಿರಲಿಲ್ಲ ಕಣ್ರೀ. ಹೊಟ್ಟೆಗೆ ಅನ್ನವೂ ಬಿದ್ದಿರಲಿಲ್ಲ. ಜೀವಮಾನವಿಡೀ ಕಬ್ಬಿಣದ ಜೊತೆ ಗುದ್ದಾಡಿದವನು ನಾನು. ದೆವ್ವ ಗಿವ್ವ ಅಂದವರನ್ನು ಗ್ಯಾರೇಜಿನಿಂದ ಉಗಿದು ಕಳಿಸಿದ್ದೇನೆ. ನಂಬಿದರೆ ನಂಬಿ, ಬಿಟ್ಟರೆ ಬಿಡಿ. ನಡೆದದ್ದನ್ನು ನಡೆದ ಹಾಗೇ ಹೇಳುತ್ತೇನೆ.

ಎಂಬತ್ತರ ದಶಕದ ನಡುವಿನ ಮಾತು. ಯಶವಂತಪುರದಲ್ಲಿ ನನ್ನದೊಂದು ತಗಡಿನ ಶೆಡ್ಡು. ಅಕ್ಕ ಸರೋಜಳನ್ನು ಅಮೃತಹಳ್ಳಿಗೆ ಕೊಟ್ಟಿತ್ತು. ಅವಳ ಗಂಡ, ನನ್ನ ಭಾವ ಸುಧಾಕರನಿಗೆ ಕಾರ್ ರೇಸಿನ ಹುಚ್ಚು. ಎಲ್ಲಿಂದಲೋ ಒಂದು ಹಳೆಯ ವಿದೇಶಿ ಕಾರು ಹಿಡಿದು ತಂದಿದ್ದರು. ಅದರಲ್ಲಿ ಟರ್ಬೊ ಇತ್ತು. ಟರ್ಬೊ ಅಂದರೆ ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುರುಕುವ ಯಂತ್ರ. ಹಾಗೆ ಒತ್ತಿದ ಗಾಳಿ ಕಾಯುತ್ತದೆ. ಅದನ್ನು ತಣ್ಣಗೆ ಮಾಡಿ ಎಂಜಿನ್ನಿಗೆ ಬಿಡುವ ಪೆಟ್ಟಿಗೆಯೇ ಇಂಟರ್‌ಕೂಲರ್. ಆ ಕಾರಿನಲ್ಲಿ ಇದ್ದದ್ದು ಊಟದ ಡಬ್ಬಿಯಷ್ಟು ದೊಡ್ಡದು. ನಮ್ಮ ಬಿಸಿಲಿಗೆ ಅದೆಲ್ಲಿ ಸಾಕಾಗಬೇಕು?

"ದೊಡ್ದು ಮಾಡ್ಸು ನಾಗ, ಈ ಸಲ ಗೆದ್ದೇ ಗೆಲ್ತೀನಿ," ಅಂತ ಭಾವ ದುಂಬಾಲು ಬಿದ್ದರು.

ಅಕ್ಕನಿಗೆ ಆಗ ಏಳು ತಿಂಗಳು. ಹಿಂದೆ ಎರಡು ಸಲ ಗರ್ಭ ನಿಂತಿರಲಿಲ್ಲ. ಅಡುಗೆ ಮನೆ ಬಾಗಿಲಲ್ಲಿ ನನ್ನ ಕೈ ಹಿಡಿದು, "ಅವರು ನನ್ನ ಮಾತು ಕೇಳಲ್ಲ ಕಣೋ. ನೀನು ನೋಡಿ ಮಾಡಿದ್ ಗಾಡಿ ಆದ್ರೆ ಮಾತ್ರ ಕಳಿಸ್ತೀನಿ," ಅಂದಳು. "ನಾನು ಮುಟ್ಟಿದ್ ಗಾಡಿ ಕೈ ಕೊಡಲ್ಲ ಕಣಕ್ಕಾ," ಅಂತ ಎದೆ ತಟ್ಟಿಕೊಂಡೆ. ಬಾಯಿಬಡುಕ ನಾನು!

ಆಗೆಲ್ಲ ಇಂಥದ್ದು ಅಂಗಡಿಯಲ್ಲಿ ಸಿಗುತ್ತಿರಲಿಲ್ಲ. ನಮ್ಮ ಹಿಂದಿನ ಗಲ್ಲಿಯಲ್ಲಿ ರೇಡಿಯೇಟರ್ ರಿಪೇರಿ ಮಾಡುವ ಬಸಣ್ಣ ಇದ್ದರು. ಹುಬ್ಬಳ್ಳಿ ಕಡೆಯವರು. ಕಾರ್ಖಾನೆ ಕೆಲಸಕ್ಕೆ ಅಂತ ಬಂದು, ಆಮೇಲೆ ಸ್ವಂತ ಅಂಗಡಿ ಹಾಕಿದವರು. ಸದಾ ಕೆಮ್ಮು, ಸದಾ ಬಾಯಲ್ಲೊಂದು ಲವಂಗ. ಹಿತ್ತಾಳೆ ತಗಡು ಬಗ್ಗಿಸಿ, ಬೆಸುಗೆ ಹಾಕಿ, ತಲೆದಿಂಬಿನಷ್ಟು ದೊಡ್ಡ ಇಂಟರ್‌ಕೂಲರ್ ಮಾಡಿಕೊಟ್ಟರು.

ಮಾಡಿಕೊಟ್ಟರು ಅಂದರೆ... ಕೊಟ್ಟಿರಲಿಲ್ಲ. ಅದೇ ಇಲ್ಲಿನ ಕಥೆ.

ಬಸಣ್ಣನದೊಂದು ಕಟ್ಟುನಿಟ್ಟು. ಯಾವ ಸಾಮಾನನ್ನೂ ನೀರಿನ ತೊಟ್ಟಿಯಲ್ಲಿ ಮುಳುಗಿಸಿ ನೋಡದೆ ಕೈಯಿಂದ ಬಿಡುತ್ತಿರಲಿಲ್ಲ. ಅವರ ಹತ್ತಿರ ಹುಣಸೆ ಮರದ ಎರಡು ಬಿರಡೆ ಇದ್ದವು, ಒಂದರ ನಡುವೆ ಗಾಳಿ ಹೊಡೆಯಲು ತೂತು. ಅವಕ್ಕೆ ಕೆಂಪು ಬಟ್ಟೆ ಸುತ್ತಿ, ಎರಡೂ ಬಾಯಿಗೆ ಇಟ್ಟು, ಮರದ ಸುತ್ತಿಗೆಯಿಂದ ಹೊಡೆಯುವರು. ಟಕ್ ಟಕ್... ಟಕ್. ಯಾವಾಗಲೂ ಅದೇ ಲೆಕ್ಕ, ಎರಡು ಬೇಗ, ಒಂದು ನಿಧಾನ. ಆಮೇಲೆ ಗಾಳಿ ಹೊಡೆದು ನೀರಿಗೆ ಹಾಕಿ, ಗುಳ್ಳೆ ಬರುತ್ತದೆಯೋ ಅಂತ ಕಣ್ಣಿಟ್ಟು ಕೂರುವರು. ಸೋರಿಕೆಗೆ ಅವರು ಅನ್ನುತ್ತಿದ್ದದ್ದು 'ಉಸಿರು' ಅಂತ.

ಗುರುವಾರ ಸಂಜೆ ಹೋದಾಗ ಬೆಸುಗೆಯೆಲ್ಲ ಮುಗಿದಿತ್ತು. "ಕೊಟ್ಬಿಡಿ ಬಸಣ್ಣೋರೇ, ಹಾಕ್ಕೊಳ್ತೀನಿ," ಅಂದೆ.

ಕೆಮ್ಮಿ ಕೆಮ್ಮಿ ಅವರ ಕಣ್ಣಲ್ಲಿ ನೀರು ಬಂದಿತ್ತು. "ಇವತ್ತ ಮೈಯಾಗ ಕಸುವಿಲ್ಲ ತಮ್ಮಾ. ನಾಳೆ ನೀರಾಗ ಮುಳುಗಿಸಿ ನೋಡಿ ಕೊಡ್ತೀನಿ. ಉಸಿರ ನೋಡಲಾರದ ಒಯ್ಯಬ್ಯಾಡ."

ಶುಕ್ರವಾರ ಬೆಳಗ್ಗೆ ಬಸಣ್ಣ ಏಳಲಿಲ್ಲ. ನಿದ್ದೆಯಲ್ಲೇ ಹೋಗಿದ್ದರು. ಹೆಂಡತಿ ಶಾಂತವ್ವ ಅಂದೇ ಹೆಣವನ್ನು ವ್ಯಾನಿನಲ್ಲಿ ಊರಿಗೆ ಕೊಂಡೊಯ್ದರು. ಸುದ್ದಿ ಕೇಳಿದಾಗ ನನಗೆ ಮೊದಲು ಬಂದ ಯೋಚನೆ ಏನು ಗೊತ್ತಾ? 'ಅಯ್ಯೋ, ನನ್ನ ಸಾಮಾನು ಒಳಗೇ ಉಳೀತಲ್ಲ' ಅಂತ. ಹೇಳಿಕೊಳ್ಳಲು ಇವತ್ತಿಗೂ ನಾಚಿಕೆಯಾಗುತ್ತದೆ.

ಭಾನುವಾರ ಬೆಳಗ್ಗೆ ಭಾವ ರೇಸಿಗೆ ಹೊರಡಬೇಕಿತ್ತು. ಶನಿವಾರ ಶಾಂತವ್ವ ಪಕ್ಕದ ಟೀ ಅಂಗಡಿಯವನಿಗೆ ಕೊಟ್ಟುಹೋಗಿದ್ದ ಬೀಗದ ಕೈ ಇಸಿದುಕೊಂಡು, ಬಾಗಿಲು ತೆಗೆದು, ಇಂಟರ್‌ಕೂಲರ್ ಎತ್ತಿಕೊಂಡು ಬಂದೆ. ನೀರಿಗೆ ಹಾಕಲಿಲ್ಲ. ಹೊತ್ತಿರಲಿಲ್ಲ, ಮನಸ್ಸೂ ಇರಲಿಲ್ಲ. ಎರಡೂ ಬಾಯಿಗೆ ಟಾರ್ಚ್ ಬಿಟ್ಟು ನೋಡಿದೆ, ಖಾಲಿ ಇತ್ತು. ಇದನ್ನು ನೆನಪಿಟ್ಟುಕೊಳ್ಳಿ. ಖಾಲಿ ಇತ್ತು. ನನ್ನ ಕೈಯಾರೆ ಪೈಪು ಕೂರಿಸಿ ಬಿಗಿದೆ.

ರಾತ್ರಿ ಎಂಟರ ಸುಮಾರಿಗೆ ಗಾಡಿ ನೋಡಲು ಹೊರಟೆವು. ಭಾವನ ಕೈಯಲ್ಲಿ ಸ್ಟೇರಿಂಗ್, ಪಕ್ಕದಲ್ಲಿ ನಾನು. ಹೆಬ್ಬಾಳ ದಾಟಿ, ಯಲಹಂಕ ದಾಟಿದ ಮೇಲೆ ರಸ್ತೆಯಲ್ಲಿ ನರಪಿಳ್ಳೆ ಇಲ್ಲ. ಎರಡೂ ಕಡೆ ದ್ರಾಕ್ಷಿ ತೋಟ. ಗೊಬ್ಬರದ ವಾಸನೆ. ಟರ್ಬೊ ಸಿಳ್ಳೆ ಹಾಕುತ್ತ ಗಾಡಿ ನುಗ್ಗಿತು. ಭಾವ ಕುಣಿದಾಡಿದರು.

"ಏನ್ ಎಳೀತಿದೆ ನೋಡೋ! ಭಲೇ ಮಗಾ!"

ಸ್ವಲ್ಪ ಹೊತ್ತಿಗೆ ಅವರು ಮೂಗು ಅರಳಿಸಿದರು. "ಲವಂಗ ಹಾಕ್ಕೊಂಡಿದೀಯೇನೋ?"

"ಇಲ್ಲ ಭಾವ."

ನನಗೂ ಬಂತು ಆ ವಾಸನೆ. ಲವಂಗ... ಅದರ ಹಿಂದೆಯೇ ಬೆಸುಗೆಯ ಆಸಿಡ್ಡಿನ ಘಾಟು. ಹೊಸ ಬೆಸುಗೆ ಕಾದಿದೆ, ಅಷ್ಟೇ ಅಂತ ನನಗೆ ನಾನೇ ಹೇಳಿಕೊಂಡೆ.

ಆಗ ಕೇಳಿತು.

ಟಕ್ ಟಕ್... ಟಕ್.

ಗಾಡಿಯ ಮೂತಿಯ ಕಡೆಯಿಂದ. ಎರಡು ಬೇಗ, ಒಂದು ನಿಧಾನ. "ಕಲ್ಲು ಸಿಡೀತಾ ಇರ್ಬೇಕು ಕಣೋ," ಅಂದರು ಭಾವ. ಮತ್ತೆ ಟಕ್ ಟಕ್... ಟಕ್. ಗಾಡಿಯ ಕಸುವು ಸ್ವಲ್ಪ ಇಳಿಯಿತು. ಇನ್ನೊಮ್ಮೆ. ಇನ್ನಷ್ಟು ಇಳಿಯಿತು. ಚಿಕ್ಕಜಾಲ ಇನ್ನೂ ಸ್ವಲ್ಪ ದೂರ ಇದೆ ಅನ್ನುವಾಗ ಎಂಜಿನ್ ಉಸಿರು ಕಟ್ಟಿದ ಹಾಗೆ ಮುಕ್ಕರಿಸಿ ನಿಂತೇ ಹೋಯಿತು.

ಎಂಜಿನ್ ನಿಂತಿದೆ. ಗಾಳಿ ಇಲ್ಲ. ಒಂದು ಎಲೆ ಅಲ್ಲಾಡುತ್ತಿಲ್ಲ. ಆ ಕತ್ತಲಲ್ಲಿ ಕೊನೆಯ ಸಲ, ನಿಧಾನವಾಗಿ, ಒಂದೇ ಒಂದು ಏಟು...

ಟಕ್.

ಅದಾದ ಮೇಲೆ ಯಾರೋ ಕೆಮ್ಮಿದರು.

ಭಾವ ನನ್ನ ತೋಳು ಹಿಡಿದರು. "ನಾಗ... ಯಾರೋ ಮಾತಾಡಿದ್ರು. ನಿಂಗೆ ಕೇಳಿಸ್ತಾ?"

"ಏನಂದ್ರು?" ಅಂತ ಪಿಸುಗುಟ್ಟಿದೆ.

"ಒಯ್ಯಬ್ಯಾಡ ಅಂದಂಗಾಯ್ತು. ಹುಬ್ಳಿ ಕಡೆ ಮಾತು ಕಣೋ... ಇಲ್ಲಿ ಯಾರೋ ಹಂಗ್ ಮಾತಾಡೋರು?"

ಭಾವ ಬಸಣ್ಣನನ್ನು ಒಮ್ಮೆಯೂ ನೋಡಿದವರಲ್ಲ. ನನಗೆ ಅಳು ಬರುವುದೊಂದು ಬಾಕಿ.

ಟಾರ್ಚ್ ಹಿಡಿದು ಇಳಿದೆ. ಇಂಟರ್‌ಕೂಲರ್‌ನಿಂದ ಎಂಜಿನ್ನಿಗೆ ಹೋಗುವ ಪೈಪಿನ ಕ್ಲಿಪ್ಪು ನಾನು ಬಿಗಿದ ಹಾಗೇ ಇತ್ತು. ಸಡಿಲಿಸಿ ಪೈಪು ಎಳೆದೆ. ಒಳಗೆ, ಆ ಹಿತ್ತಾಳೆ ಬಾಯಲ್ಲಿ, ಕೆಂಪು ಬಟ್ಟೆ ಸುತ್ತಿದ ಹುಣಸೆ ಮರದ ಬಿರಡೆ ಭದ್ರವಾಗಿ ಕೂತಿತ್ತು. ಬಟ್ಟೆ ಒದ್ದೆ. ಹಿತ್ತಾಳೆ ಮುಟ್ಟಿದರೆ ಕೈ ಸುಡುತ್ತಿದೆ, ಬಟ್ಟೆಯಿಂದ ತಣ್ಣನೆಯ ನೀರು ತೊಟ್ಟಿಕ್ಕುತ್ತಿದೆ.

"ನೀನೇ ಮರೆತಿದ್ದೀಯ ಬಿಡೋ," ಅಂದರು ಭಾವ. ದನಿಯಲ್ಲಿ ಜೋರಿರಲಿಲ್ಲ. "ಮರೆತಿದ್ರೆ ಇಲ್ಲೀವರ್ಗೂ ಗಾಡಿ ಹೆಂಗ್ ಓಡ್ತು ಭಾವ?" ಅಂದೆ.

ಬಿರಡೆ ಕಿತ್ತ ಮೇಲೆ ಗಾಡಿ ಒಂದೇ ಏಟಿಗೆ ಸ್ಟಾರ್ಟ್ ಆಯಿತು. ಭಾವನಿಗೆ ಮತ್ತೆ ರೇಸಿನ ನೆನಪು ಬಂತು. "ಸರಿ ಹೋಯ್ತಲ್ಲ, ಬೆಳಗ್ಗೆ ಹೊರಡ್ತೀನಿ," ಅಂದಾಗ ನನಗೆ ಸಿಟ್ಟು ನೆತ್ತಿಗೇರಿತು. ಅಲ್ಲಿಯವರೆಗೆ ಭಾವನ ಎದುರು ಒಮ್ಮೆಯೂ ದನಿ ಎತ್ತಿದವನಲ್ಲ. "ಅಕ್ಕನ್ ಮುಖ ನೋಡ್ಬೇಕು ನಾನು! ನೀರಿಗ್ ಹಾಕದೆ ಈ ಗಾಡಿ ಎಲ್ಲಿಗೂ ಹೋಗಲ್ಲ!" ಅಂತ ಕಿರುಚಿದೆ.

ಸೈಕಲ್ಲಿನ ವೇಗದಲ್ಲಿ ಯಶವಂತಪುರಕ್ಕೆ ವಾಪಸಾಗಿ, ಬಸಣ್ಣನ ಅಂಗಡಿ ತೆರೆದು, ಅವರ ತೊಟ್ಟಿಗೇ ನೀರು ತುಂಬಿದೆವು. ಒಂದು ಬಾಯಿಗೆ ಆ ಬಿರಡೆಯನ್ನೇ ಜಡಿದೆ. ಜೊತೆಯದಕ್ಕೆ ಅಂಗಡಿಯೆಲ್ಲ ತಡಕಾಡಿದರೂ ಸಿಗಲಿಲ್ಲ. ಇನ್ನೊಂದು ಬಾಯಿಗೆ ಚಿಂದಿ ತುರುಕಿ, ಅದರ ನಡುವೆ ಸೈಕಲ್ ಪಂಪಿನ ಕೊಳವೆ ತೂರಿಸಿ, ನೀರಿಗಿಳಿಸಿ ಗಾಳಿ ಹೊಡೆದೆ.

ಕೆಳಗಿನ ಮೂಲೆಯಿಂದ ಗುಳ್ಳೆ ಬಂತು. ಒಂದು... ಎರಡು... ಆಮೇಲೆ ಸಾಲುಸಾಲು.

ಆ ಮೂಲೆ ಬಿಡಿಸಿ ನೋಡಿದೆ. ಬೆಸುಗೆ ಬಿಟ್ಟಿತ್ತು. ಒಳಗಡೆ ಹುಣಸೆ ಬೀಜದಷ್ಟು ದಪ್ಪದ ಸೀಸದ ಗಂಟು, ಕೂದಲೆಳೆಯಷ್ಟು ಆಧಾರದಲ್ಲಿ ನೇತಾಡುತ್ತಿತ್ತು. ಉಗುರು ತಾಗಿಸಿದೆ, ಕೈಗೇ ಬಂತು. ರೇಸಿನಲ್ಲಿ ಪೂರ್ತಿ ವೇಗದಲ್ಲಿರುವಾಗ ಅದು ಕಳಚಿ ಎಂಜಿನ್ನಿನ ಗಾಳಿಬಾಗಿಲಿಗೆ ಸಿಕ್ಕಿದ್ದರೆ ಆ ಬಾಗಿಲು ತೆರೆದದ್ದು ಮುಚ್ಚುತ್ತಿರಲಿಲ್ಲ. ಆಕ್ಸಿಲರೇಟರಿನಿಂದ ಕಾಲು ತೆಗೆದರೂ ಗಾಡಿ ನುಗ್ಗುತ್ತಲೇ ಇರುತ್ತಿತ್ತು.

ಭಾವ ಹೊಸ್ತಿಲ ಮೇಲೆ ಕೂತರು. ಅಂದದ್ದು ಇಷ್ಟೇ. "ಸರೋಜಂಗೆ ಹೇಳ್ಬೇಡ ಕಣೋ."

ಊಟದ ಡಬ್ಬಿಯಷ್ಟಿದ್ದ ಹಳೆಯದನ್ನೇ ವಾಪಸ್ ಹಾಕಿ ರೇಸಿಗೆ ಕಳಿಸಿದೆ. ಭಾವ ಎಲ್ಲರಿಗಿಂತ ಕೊನೆಗೆ ಬಂದರು. ಬಂದರಲ್ಲ, ಅದು ಮುಖ್ಯ. ಎರಡು ತಿಂಗಳಿಗೆ ಅಕ್ಕನಿಗೆ ಹೆಣ್ಣುಮಗು ಆಯಿತು.

ಆದರೆ ಅದಕ್ಕೂ ಮೊದಲು, ಹದಿನೈದು ದಿನ ಕಳೆದು ಶಾಂತವ್ವ ಅಂಗಡಿ ಖಾಲಿ ಮಾಡಲು ಬಂದರು. ನಾನು ಬೀಗ ತೆಗೆದದ್ದನ್ನು ಒಪ್ಪಿಕೊಂಡು, ತಪ್ಪಾಯಿತು ಅಂತ ಕೈಮುಗಿದು, ಬಿರಡೆಯನ್ನು ಅವರ ಮುಂದೆ ಇಟ್ಟೆ.

ಆಕೆ ಅದನ್ನು ನೋಡಿದವರೇ ಎರಡು ಹೆಜ್ಜೆ ಹಿಂದೆ ಸರಿದರು. ಸೆರಗನ್ನು ಬಾಯಿಗೆ ಒತ್ತಿಕೊಂಡರು.

"ಇದು ಎಲ್ಲಿ ಸಿಕ್ತೋ ತಮ್ಮಾ ನಿನಗ?"

"ಯಾಕಮ್ಮಾ?"

"ಅವರ ಕೈಯಾಗಿನ ಸಾಮಾನ ಅಂತ ಎರಡೂ ನಾನಽ ಊರಿಗೆ ಒಯ್ದಿದ್ದೆ. ಕುಣಿಯಾಗ ಅವರ ಮಗ್ಗಲಕ್ಕ ಇಟ್ಟು ಮಣ್ಣ ಮುಚ್ಚಿ ಬಂದೀವೋ..."

ಆಕೆ ಅದನ್ನು ಮುಟ್ಟಲಿಲ್ಲ. ನನಗೆ ಬಿಸಾಡುವ ಧೈರ್ಯ ಬರಲಿಲ್ಲ. ಇವತ್ತಿಗೂ ನನ್ನ ಟೂಲ್ ಪೆಟ್ಟಿಗೆಯ ತಳದಲ್ಲಿದೆ. ಬಟ್ಟೆ ಎಂದೋ ಒಣಗಿತು. ಅಂದಿನಿಂದ ನೀರಿಗೆ ಹಾಕಿ ನೋಡದೆ ಒಂದು ಸಾಮಾನನ್ನೂ ನಾನು ಗಾಡಿಗೆ ಕೂರಿಸಿಲ್ಲ.

ಆದರೂ ಕಾರಣವಿಲ್ಲದೆ ಗಾಡಿಯೊಂದು ನಿಂತಿದೆ ಅಂತ ಯಾರಾದರೂ ತಂದರೆ, ಗಾಳಿ ಪೈಪು ಬಿಚ್ಚುವ ಮೊದಲು ಒಂದು ಗಳಿಗೆ ಕಿವಿಗೊಟ್ಟು ಕೇಳುತ್ತೇನೆ. ಬಂದದ್ದು ಒಂದೇ ಬಿರಡೆ. ಇನ್ನೊಂದು ಬಸಣ್ಣನ ಹತ್ತಿರವೇ ಇದೆ.